ನೀರುಳ್ಳಿ ಸಾಲಿನ ಗಾಲಿಕುಂಟೆ

ಯುದ್ಧ ಮುಗಿದ ಮರುವರ್ಷ ಹೊನ್ನಾವರದ ಬಂಗಲೆಯಲ್ಲಿದ್ದ ದೊರೆಯೊಬ್ಬ ವಿಲಾಯತಿಗೆ ಹೊರಟು ನಿಂತ. ಅವನ ಕುರ್ಚಿ, ಮಂಚ, ಪಿಂಗಾಣಿ ಬಸಿ, ಬೆತ್ತದ ಪೆಟ್ಟಿಗೆ ಎಲ್ಲವನ್ನೂ ಅಂಗಳದಲ್ಲಿ ಹರಡಿ ಲಿಲಾವು ಕೂಗಿ ಹರಾಜಿಗಿಟ್ಟರು. ಕುಮಟೆಯಾಚೆಯ ಬಾಡ ಎಂಬ ಊರಿನ ಬೀರಪ್ಪ ಅಲ್ಲಿಗೆ ಹೋದದ್ದು ತಾಮ್ರದ ಹಂಡೆಯ ಆಸೆಗೆ. ಮನೆಯ ಬಚ್ಚಲ ಹಂಡೆಯ ತಳ ಸವೆದು ಸೋರುತ್ತಿತ್ತು. ಅವನ ಹೆಂಡತಿ ಗಂಗಿ ಅದಕ್ಕೆ ಅಂಟು ಮೆತ್ತಿ ಮೆತ್ತಿ ಸಾಕಾಗಿ, "ದೊರೆ ಹಂಡೆ ತಕಂಡೇ ಬಾ" ಎಂದು ಬೆಳಗಾಗುವ ಮೊದಲೇ ಗಂಜಿ ಕುಡಿಸಿ ಅಟ್ಟಿದ್ದಳು.

ಹಂಡೆ ಇತ್ತು. ಚೆನ್ನಾಗಿಯೂ ಇತ್ತು. ಆದರೆ ಅದರ ಸರದಿ ಬರುವ ಮೊದಲು ಬೀರಪ್ಪ ನೀರು ಕುಡಿಯಲೆಂದು ಬಂಗಲೆಯ ಹಿತ್ತಿಲಿಗೆ ಹೋದ. ಅಲ್ಲಿ ದೊರೆಯ ಮಾಲಿ ಚೌಡ, ಕೊಳ್ಳುವವರಿಗೆ ತೋರಿಸಲಿಕ್ಕಾಗಿ, ಒಂದು ವಿಚಿತ್ರ ಸಾಮಾನನ್ನು ತರಕಾರಿ ಸಾಲುಗಳ ನಡುವೆ ದೂಡಿಕೊಂಡು ಹೋಗುತ್ತಿದ್ದ. ಮುಂದೆ ಒಂದು ಕಬ್ಬಿಣದ ಗಾಲಿ. ಹಿಂದೆ ನೇಗಿಲಿಗಿರುವಂಥ ಎರಡು ಮರದ ಹಿಡಿ. ನಡುವೆ, ನೆಲಕ್ಕೆ ತಾಗುವಲ್ಲಿ, ಪುಟ್ಟ ಪುಟ್ಟ ಕತ್ತಿಗಳು. ಚೌಡ ನೆಟ್ಟಗೆ ನಿಂತೇ ದೂಡುತ್ತಿದ್ದ. ಬಗ್ಗಿರಲಿಲ್ಲ, ಕುಕ್ಕರಗಾಲಲ್ಲಿ ಕೂತಿರಲಿಲ್ಲ. ಆದರೂ ಅವನ ಹಿಂದೆ ಕಳೆಯೆಲ್ಲ ಬೇರು ಮೇಲಾಗಿ ಬಿದ್ದಿತ್ತು.

ಬೀರಪ್ಪ ನೀರು ಕುಡಿಯುವುದನ್ನೇ ಮರೆತ.

ಅವನ ಕಣ್ಣ ಮುಂದೆ ಬಂದದ್ದು ಗಂಗಿಯ ಮೊಣಕಾಲು. ಭತ್ತ ಕೊಯ್ದ ಮೇಲೆ ಸಮುದ್ರದ ಬದಿಯ ಉಸುಕು ಗದ್ದೆಯಲ್ಲಿ ಅವರು ನೀರುಳ್ಳಿ ಹಾಕುತ್ತಿದ್ದರು. ಸಸಿ ಬೇರೂರಿದಂದಿನಿಂದ ಗಂಗಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಸಾಲಿನಿಂದ ಸಾಲಿಗೆ ತೆವಳುತ್ತ ಕಳೆ ಕೀಳಬೇಕು. ಸಂಜೆ ಏಳುವಾಗ ಮೊದಲು ಒಂದು ಕೈ ನೆಲಕ್ಕೆ, ಆಮೇಲೆ ಇನ್ನೊಂದು ಕೈ, ಆಮೇಲೆ "ಅಯ್ಯೋ ಅವ್ವೇ". ಆ ಕೂಗು ಬೀರಪ್ಪನ ಕಿವಿಗೆ ದಿನವೂ ಬೀಳುತ್ತಿತ್ತು. ಅದರ ಬಗ್ಗೆ ಅವನು ಎಂದೂ ಒಂದು ಮಾತು ಆಡಿದವನಲ್ಲ. ಮಗಳು ಸಣ್ಣಿ ಮದುವೆಯಾಗಿ ಹಿರೇಗುತ್ತಿಗೆ ಹೋದ ಮೇಲಂತೂ ಆ ಮನೆಯಲ್ಲಿ ಮಾತೇ ಕಡಿಮೆ. "ಉಪ್ಪು ಅದ್ಯ?" "ಅದೆ." "ದನ ಕಟ್ಟಿದ್ಯ?" "ಹ್ಞೂಂ." ಇಷ್ಟರಲ್ಲಿ ದಿನ ಕಳೆಯುತ್ತಿತ್ತು. ಜಗಳವೇನೂ ಇರಲಿಲ್ಲ. ಹೇಳಬೇಕಾದ್ದೆಲ್ಲ ಹೇಳಿ ಆಗಿದೆ ಎಂದು ಇಬ್ಬರೂ ತಿಳಿದುಕೊಂಡಿದ್ದರು, ಅಷ್ಟೆ.

ಹಂಡೆಯನ್ನು ಇನ್ನಾರೋ ಹೊತ್ತುಕೊಂಡು ಹೋದರು. ಬೀರಪ್ಪ ಗಾಲಿಯನ್ನು ಕೊಂಡ.

ಚೌಡ ಬೋಲ್ಟು ತಿರುಗಿಸುವ ಪಾನಾದಿಂದ ಕತ್ತಿಗಳನ್ನು ಬಿಚ್ಚಿ, ಹಳೆಯ ಪಂಚೆಯ ತುಂಡಿನಲ್ಲಿ ಪಾನಾ ಸಮೇತ ಕಟ್ಟಿಕೊಟ್ಟ. ಮತ್ತೆ ಹಾಕುವುದು ಹೇಗೆ, ಯಾವ ಕತ್ತಿ ಎಡಕ್ಕೆ, ಯಾವುದು ಬಲಕ್ಕೆ ಎಂದು ನಿಧಾನವಾಗಿ, ಎರಡೆರಡು ಸಲ ಹೇಳಿದ. ಬೀರಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಆದರೆ ಅವನ ಮನಸ್ಸು ಅಷ್ಟರಲ್ಲಿ ಬಾಡದ ಗದ್ದೆಯಲ್ಲಿ ಗಾಲಿ ಉರುಳಿಸುತ್ತಿತ್ತು. ಒಂದು ಮಾತೂ ಒಳಗೆ ಇಳಿಯಲಿಲ್ಲ.

ಗಾಡಿಯಲ್ಲಿ ಹಾಕಿ ತರಬಹುದಿತ್ತು. ಆದರೆ ಗಾಲಿ ಇರುವ ಸಾಮಾನನ್ನು ಇನ್ನೊಂದು ಗಾಲಿಯ ಮೇಲೆ ಹೇರುವುದು ಬೀರಪ್ಪನಿಗೆ ಅವಮಾನವೆನಿಸಿತು. ಕುಮಟೆಯ ರಸ್ತೆಗುಂಟ ದೂಡಿಕೊಂಡೇ ಹೊರಟ. ಹಳದೀಪುರದಲ್ಲಿ ಅಂಗಡಿ ಕಟ್ಟೆಯವರು "ಇದೆಂತದಾ?" ಎಂದರು. "ಅರ್ಧ ಸೈಕಲ್ಲು. ಇನ್ನರ್ಧ ಹಿಂದಿಂದ ಬತ್ತದೆ" ಎಂದ. ಧಾರೇಶ್ವರದಲ್ಲಿ ಕೇಳಿದವರಿಗೆ ತೋಪಿನ ಗಾಡಿ ಎಂದ. ಅಲ್ಲಿ ಒಬ್ಬ ಅಜ್ಜ ಯುದ್ಧ ಇನ್ನೂ ಮುಗಿದಿಲ್ಲವೇ ಎಂದು ಹೆದರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕುಮಟೆ ಪೇಟೆ ದಾಟುವಾಗ ಬೀರಪ್ಪನಿಗೆ ತಾನು ಹೀಗೆ ಸುಳ್ಳು ಹೇಳಿ ನಗದೆ ಎಷ್ಟು ಕಾಲವಾಯಿತು ಎನಿಸಿತು. ಇಳಿಜಾರು ಬಂದಲ್ಲಿ ಗಾಲಿಯೊಡನೆ ಓಡಿದ. ಆ ವಯಸ್ಸಿನಲ್ಲಿ, ಹಗಲು ಹೊತ್ತಿನಲ್ಲಿ, ರಾಜಮಾರ್ಗದಲ್ಲಿ.

ಹೊತ್ತು ಮುಳುಗುವಾಗ ಮನೆ ಮುಟ್ಟಿದ. ಗಂಗಿ ಬಾಗಿಲಲ್ಲಿ ನಿಂತಿದ್ದಳು.

"ಹಂಡೆ ಎಲ್ಲಿ?"

"ಅದು ಬೇರೆಯೋರ ಪಾಲಾತು."

"ಇದೆಂತ?"

"ಇದು ಕಳೆ ತೆಗಿಯೂದು."

ಗಂಗಿ ಅದರ ಸುತ್ತ ಒಂದು ಸುತ್ತು ಬಂದಳು. "ಇದ್ರಗೆ ನೀರು ಕಾಸೂಕೆ ಆತದ್ಯ?"

"ಇಲ್ಲ."

"ಹಂಗಾರೆ ನಾಳೆ ಮೀಯೂಕೆ ಇದ್ನೇ ಮೈಮೇಲೆ ಸುರ್ಕೊ" ಎಂದು ಒಳಗೆ ಹೋದಳು. ಅಂದು ಊಟಕ್ಕೆ ಬಡಿಸಿದಳು. ಆದರೆ ಉಪ್ಪು ಇದೆಯೇ ಎಂದು ಕೂಡ ಕೇಳಲಿಲ್ಲ.

ಬೆಳಿಗ್ಗೆ ಬೀರಪ್ಪ ಗಾಲಿಯನ್ನು ಗದ್ದೆಗೆ ಒಯ್ದ. ಅವನ ಒಂದು ಅದೃಷ್ಟವೆಂದರೆ, ಊರವರೆಲ್ಲ ಕಣ್ಣಂದಾಜಿನಲ್ಲಿ ಸಸಿ ಊರಿದರೆ ಅವನು ಮೊದಲಿಂದಲೂ ಹಗ್ಗ ಹಿಡಿದು, ಗೆರೆ ಎಳೆದಂತೆ ಸಾಲು ನೆಡುವವನು. "ಬೀರಪ್ಪನ ನೀರುಳ್ಳಿ ಪೊಲೀಸ್ ಕವಾಯತು ಮಾಡ್ತದೆ" ಎಂದು ಜನ ತಮಾಷೆ ಮಾಡುತ್ತಿದ್ದರು. ಆ ನೇರ ಸಾಲುಗಳ ನಡುವೆ ಗಾಲಿ ಸಲೀಸಾಗಿ ಹೋಗುತ್ತಿತ್ತು. ಪಂಚೆಯ ಗಂಟು ಬಿಚ್ಚಿ ಕತ್ತಿಗಳನ್ನು ತನಗೆ ತೋಚಿದಂತೆ ಸಿಕ್ಕಿಸಿ, ಪಾನಾದಿಂದ ಬಿಗಿದು, ಸಾಲಿಗೆ ಇಳಿಸಿ ದೂಡಿದ.

ಗಾಲಿ ಹೋಯಿತು. ಎಂಥ ಹಗುರ! ಬೀರಪ್ಪ ಮುಂದೆಯೇ ನೋಡುತ್ತ ಸಾಲಿನ ತುದಿಯವರೆಗೆ ಹೋಗಿ, ಹೆಮ್ಮೆಯಿಂದ ತಿರುಗಿ ನೋಡಿದ. ಕಳೆ ಹಾಗೇ ನಿಂತಿತ್ತು. ಎಡಬಲದ ಎರಡೂ ಸಾಲುಗಳ ನೀರುಳ್ಳಿ ಬುಡ ಕತ್ತರಿಸಿಕೊಂಡು, ಕ್ಷೌರಿಕನ ಮುಂದೆ ಬಿದ್ದ ಕೂದಲಿನಂತೆ ಮಲಗಿತ್ತು.

ಬದುವಿನ ಮೇಲೆ ಕಳೆ ಕೀಳುವ ಕುರ್ಪಿ ಹಿಡಿದು ನಿಂತಿದ್ದ ಗಂಗಿ ಎದೆ ಬಡಿದುಕೊಂಡಳು. "ಕಳೆ ಬಿಟ್ಟು ಬೆಳೆ ತೆಗಿತದಲ್ಲಾ ಇದು! ದೊರೆ ಎಂತಕೆ ದೇಶ ಬಿಟ್ಟ ಅಂತ ಈಗ ಗೊತ್ತಾತು!"

ಬೀರಪ್ಪನಿಗೆ ರೋಷ ಬಂತು. ಕತ್ತಿ ಸರಿಯಾಗಿ ಆಳಕ್ಕೆ ಇಳಿಯಲಿಲ್ಲ, ಅದಕ್ಕೇ ಹೀಗಾಯಿತು ಎಂದುಕೊಂಡ. ಇನ್ನೊಂದು ಸಾಲಿಗೆ ಇಳಿಸಿ, ಹಿಡಿಗೆ ಎದೆಯ ಭಾರವನ್ನೆಲ್ಲ ಕೊಟ್ಟು ಒತ್ತಿದ. ಕತ್ತಿ ಆಳಕ್ಕೇ ಇಳಿಯಿತು. ಇಳಿದದ್ದು ಅಲ್ಲೇ ನಿಂತಿತು. ಗಾಲಿ ನಿಂತರೂ ಬೀರಪ್ಪ ನಿಲ್ಲಲಿಲ್ಲ. ಹಿಡಿ ಹೊಟ್ಟೆಗೆ ತಿವಿದು, ಅವನು "ಹುಪ್" ಎಂದು ಗಾಲಿಯ ಮೇಲಿಂದ ಹಾರಿ, ಆಚೆ ಕಡೆ ನೀರುಳ್ಳಿ ಪಾತಿಯ ಮೇಲೆ ಕಾಲು ಚಾಚಿ ಕೂತುಬಿಟ್ಟ. ತಲೆಯ ಮುಂಡಾಸು ಮುಂದೆ ಉರುಳುತ್ತ ಹೋಯಿತು. ಕಿವಿಯ ಹಿಂದೆ ಒಂದು ನೀರುಳ್ಳಿ ಸೊಪ್ಪು, ಯಾರೋ ಮುಡಿಸಿದಂತೆ, ನೆಟ್ಟಗೆ ನಿಂತಿತ್ತು.

ಗಂಗಿ ಬೈಯಲೆಂದು ಬಾಯಿ ತೆರೆದಳು. ಬಂದದ್ದು ನಗು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಗಂಟಲಲ್ಲಿ, ಆಮೇಲೆ ಹೊಟ್ಟೆಯಿಂದ ಎದ್ದು ಬಂತು. ಕುರ್ಪಿ ಕೈಯಿಂದ ಬಿತ್ತು. ಅವಳು ಬದುವಿನ ಮೇಲೆ ಕೂತು, ಸೆರಗು ಬಾಯಿಗೆ ತುರುಕಿ, ಅದನ್ನು ತೆಗೆದು, ಮತ್ತೆ ನಕ್ಕಳು. ಕಣ್ಣಲ್ಲಿ ನೀರು ಹರಿಯಿತು. ಬೀರಪ್ಪ ಸಿಟ್ಟಿನಿಂದ ನೋಡಿದ. ಈ ನಗುವನ್ನು ಅವನು ಬಲ್ಲ. ಹೊಸದಾಗಿ ಮದುವೆಯಾದಾಗ, ಅಘನಾಶಿನಿ ಹೊಳೆ ದಾಟುವಾಗ ಅವನು ದೋಣಿಯಿಂದ ಜಾರಿ ಕೆಸರಿಗೆ ಬಿದ್ದಿದ್ದ. ಆಗ ಕೇಳಿದ್ದು. ಇದು ಇನ್ನೂ ಇವಳೊಳಗೆ ಇತ್ತೇ? ಅವನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕೂತಲ್ಲೇ, ಹೊಟ್ಟೆ ಹಿಡಿದುಕೊಂಡು, ನೋವಿಗೂ ನಗೆಗೂ ಸೇರಿಸಿ ಅವನೂ ನಗತೊಡಗಿದ.

ನಗು ತಗ್ಗಿದ ಮೇಲೆ ಗಂಗಿ ಕಣ್ಣೊರೆಸಿಕೊಂಡು ಗಾಲಿಯ ಹತ್ತಿರ ಬಂದು ಕುಕ್ಕರಿಸಿದಳು. "ತೋರ್ಸು. ಎಂತ ಹೇಳ್ದ ಆ ಮಾಲಿ?"

"ಕತ್ತಿ ಬೆನ್ನೋ, ಬಾಯೋ... ಒಂದು ಗಿಡದ ಕಡೆ ಇರೂಕೆ ಬೇಕು ಅಂದ."

"ಯಾವ್ದು?"

"ಅದೇ ಮರ್ತು ಹೋತು."

ಇಬ್ಬರೂ ತಲೆಗೆ ತಲೆ ತಾಗಿಸಿ ಕತ್ತಿಗಳನ್ನು ನೋಡಿದರು. ಒಂದೊಂದು ಕತ್ತಿಯೂ ಮೊಣಕೈ ಮಡಚಿದ ಹಾಗೆ ಬಾಗಿತ್ತು. ಒಂದು ಭಾಗ ನೆಟ್ಟಗೆ ನಿಲ್ಲುವುದು, ಇನ್ನೊಂದು ಭಾಗ ನೆಲದೊಳಗೆ ಅಡ್ಡ ಮಲಗುವುದು. ಬೀರಪ್ಪ ಹಾಕಿದ್ದರಲ್ಲಿ ಅಡ್ಡ ಭಾಗಗಳು ಹೊರಗೆ, ಗಿಡಗಳ ಕಡೆ ಚಾಚಿದ್ದವು. ಗಂಗಿ ತನ್ನ ಎರಡು ಕೈಗಳನ್ನು ನೆಲಕ್ಕಿಟ್ಟು, ಬೆರಳು ಹೊರಗೆ ಮಾಡಿ ಎಳೆದಳು. ನೀರುಳ್ಳಿ ಸಿಕ್ಕಿತು. ಬೆರಳು ಒಳಗೆ ಮಾಡಿ ಎಳೆದಳು. ನಡುವಿನ ಕಳೆ ಸಿಕ್ಕಿತು.

"ಅದಲು ಬದಲು ಮಾಡು" ಎಂದಳು.

"ಹೌದಲೇ! ಬೆನ್ನೇ ಗಿಡದ ಕಡೆ! ಈಗ ನೆನಪಾತು!"

ಕತ್ತಿಗಳನ್ನು ಅದಲು ಬದಲು ಮಾಡಿದ್ದಾಯಿತು. ನೆಟ್ಟಗಿನ ಬೆನ್ನು ಗಿಡಗಳಿಗೆ ಗೋಡೆಯಂತೆ ನಿಂತಿತು, ಅಡ್ಡ ಬಾಯಿಗಳು ಒಳಮುಖವಾಗಿ ಒಂದನ್ನೊಂದು ನೋಡಿದವು. ಆಮೇಲೆ ಎರಡು ಕತ್ತಿಗಳ ನಡುವಿನ ಅಗಲ. ತೀರ ಅಗಲಿಸಿದರೆ ಬೇರಿಗೆ ತಾಗಿತು, ಕುಗ್ಗಿಸಿದರೆ ಗಿಡದ ಬದಿಗೆ ಕಳೆಯ ಒಂದು ಗೆರೆ ಉಳಿಯಿತು. ಬೆರಳು ಇಟ್ಟು ನೋಡಿ, ಸಡಿಲಿಸಿ, ಬಿಗಿದು, ಮತ್ತೆ ಸಡಿಲಿಸಿ ಹದಕ್ಕೆ ತಂದರು. ಆಮೇಲೆ ಆಳ. ಗಾಲಿಯ ಅಚ್ಚನ್ನು ಒಂದು ತೂತು ಕೆಳಗಿಳಿಸಿದಾಗ ಕತ್ತಿ ಮೇಲೆದ್ದು ಬರೀ ಮಣ್ಣಿನ ಸಿಪ್ಪೆ ಸುಲಿಯತೊಡಗಿತು. ಕಳೆಗೆ ಅಷ್ಟೇ ಸಾಕು. ಕೊನೆಗೆ ಹಿಡಿ. ಅದು ಉದ್ದನೆಯ ಚೌಡನಿಗೆ ಸರಿಹೊಂದಿಸಿದ್ದು, ಗಂಗಿಯ ಎದೆಗೆ ಬರುತ್ತಿತ್ತು. ಬೀರಪ್ಪ ಅದನ್ನು ಇಳಿಸುತ್ತ ಹೋದ.

"ಇಕಾ, ಇದು ನಿನ್ನ ಸೊಂಟಕ್ಕೆ ಮಾಡ್ಕೊ. ನಂಗೆಂತಕೆ ಅಳತಿ ತಕಂತೆ?" ಎಂದಳು ಗಂಗಿ.

"ನಿನ್ನ ಮೊಣಕಾಲಿಗೆ ಅಂತಲೇ ತಂದದ್ದು" ಎಂದುಬಿಟ್ಟ ಬೀರಪ್ಪ. ಹೇಳಿದ ಮೇಲೆ ಕಿವಿ ಬಿಸಿಯಾಗಿ ತಲೆ ತಗ್ಗಿಸಿ ಬೋಲ್ಟು ತಿರುಗಿಸಿದ, ಆಗಲೇ ಬಿಗಿಯಾಗಿದ್ದ ಬೋಲ್ಟನ್ನು.

ಗಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಹಿಡಿ ಹಿಡಿದು, "ಸರಿ ಅದೆ. ಬಿಡು, ಮುರ್ದು ಹೋತದೆ" ಎಂದು ಮೆಲ್ಲಗೆ ಅಂದು, ಗಾಲಿಯನ್ನು ಸಾಲಿಗೆ ಇಳಿಸಿದಳು.

ಒಂದೇ ಸಮನೆ ದೂಡಬಾರದು, ಮುಂದೆ ಒಂದಿಷ್ಟು ತಳ್ಳಿ ಹಿಂದೆ ಚೂರು ಎಳೆದು ಮತ್ತೆ ತಳ್ಳಬೇಕು ಎಂಬುದು ಅವಳ ಕೈಗೆ ತಾನಾಗಿ ಬಂತು. ಮಗುವಿನ ತೊಟ್ಟಿಲು ತೂಗಿದ ಕೈ. ಕತ್ತಿಗಳು ಸರ್ ಸರ್ ಎಂದು ಮಣ್ಣೊಳಗೆ ನುಗ್ಗಿದವು. ಕಳೆ ಮಗುಚಿ ಬಿತ್ತು. ನೀರುಳ್ಳಿ ಒಂದೂ ಅಲುಗಲಿಲ್ಲ. ಸಾಲಿನ ತುದಿಯಲ್ಲಿ ಗಂಗಿ ತಿರುಗಿ ನೋಡಿ, ಎರಡೂ ಕೈ ಮೇಲೆತ್ತಿ, "ಹೋಯ್!" ಎಂದು ಕೂಗಿದಳು. ಬದುವಿನ ಮೇಲಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಅಂದು ಒಲೆಯ ಮೇಲಿಟ್ಟ ಅನ್ನ ಇದ್ದಿಲಾಯಿತು. ಯಾರೂ ಕೇಳಲಿಲ್ಲ.

ಸಮುದ್ರದ ಕಡೆಯ ತುಂಡಿನಲ್ಲಿ ಉಸುಕು ಹೆಚ್ಚು. ಅಲ್ಲಿ ಗಾಲಿ ಹೂತುಕೊಳ್ಳುತ್ತಿತ್ತು. ಮುಂದಿನಿಂದ ಒಬ್ಬರು ಎಳೆಯಲೇಬೇಕು. ಪಕ್ಕದ ಕೇರಿಯ ಮೀನುಗಾರ ದಾಸ ದೋಣಿಯ ಹಳೆಯ ಹಗ್ಗ ಕೊಟ್ಟ. ಗಾಲಿಯ ಚೌಕಟ್ಟಿಗೆ ಒಂದು ತುದಿ, ಬೀರಪ್ಪನ ಸೊಂಟಕ್ಕೆ ಇನ್ನೊಂದು ತುದಿ. ಮೊದಲ ದಿನ ಬೀರಪ್ಪ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಗ್ಗ ಕಟ್ಟಿಕೊಂಡ. ಗಂಗಿ ಹಿಂದಿನಿಂದ ನಾಲಗೆ ಲೊಚಗುಟ್ಟಿಸಿ "ಹೈ, ಹೈ, ಕೆಂದಾ!" ಎಂದಳು. ಬೀರಪ್ಪ ಗಂಭೀರವಾಗಿಯೇ ಇರಬೇಕೆಂದಿದ್ದ. ಆದರೆ ನಡು ಸಾಲಿನಲ್ಲಿ ಏನಾಯಿತೋ, ಕತ್ತು ಚಾಚಿ, "ಅಂಬಾ" ಎಂದು ಉದ್ದಕ್ಕೆ ಕೂಗಿದ. ಪಕ್ಕದ ಗದ್ದೆಯ ನಿಜವಾದ ಎತ್ತೊಂದು ತಲೆಯೆತ್ತಿ ಉತ್ತರ ಕೊಟ್ಟಿತು. ಗಂಗಿಗೆ ನಕ್ಕು ನಕ್ಕು ಕೈ ಸೋತು ಸಾಲು ಸೊಟ್ಟಗಾಯಿತು.

ದಾಸನ ಹೆಂಡತಿ ತಿಮ್ಮಕ್ಕ ತಲೆಯ ಮೇಲೆ ಮೀನು ಬುಟ್ಟಿ ಹೊತ್ತು ಆ ದಾರಿಯಲ್ಲೇ ಊರೂರು ತಿರುಗುವವಳು. ಅವಳು ಬದುವಿನ ಮೇಲೆ ನಿಂತು ಎಲ್ಲ ನೋಡಿದಳು. ಅಂದು ಅವಳ ಬುಟ್ಟಿಯ ಜೊತೆಗೆ ಸುದ್ದಿಯೂ ಮಾರಾಟವಾಯಿತು. ಸಂಜೆಯೊಳಗೆ ಹಿರೇಗುತ್ತಿಯಲ್ಲಿ ಮಗಳು ಸಣ್ಣಿಯ ಅತ್ತೆ ಕೇಳಿದಳು: "ಎಂತದೇ, ನಿನ್ನ ಅವ್ವಿ ನಿನ್ನ ಅಪ್ಪನ್ನ ನೊಗಕ್ಕೆ ಕಟ್ಟಿ ಹೂಡ್ತದಂತೆ? ಎತ್ತು ಸತ್ತು ಹೋತೇ?"

ಸಣ್ಣಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಮರುದಿನವೇ ದಡದಡನೆ ಬಾಡಕ್ಕೆ ಬಂದಳು. ಮನೆಗೆ ಬೀಗ. ಗದ್ದೆಗೆ ಬಂದರೆ ಹೇಳಿದ್ದೆಲ್ಲ ನಿಜ. ಅಪ್ಪ ಮುಂದೆ ಹಗ್ಗ ಎಳೆಯುತ್ತಿದ್ದಾನೆ. ಅವ್ವ ಹಿಂದೆ ದೂಡುತ್ತಿದ್ದಾಳೆ. ಇಬ್ಬರೂ ಏರುದನಿಯಲ್ಲಿ ಏನೋ ವಾದ ಮಾಡುತ್ತಿದ್ದಾರೆ, ನಗುತ್ತಿದ್ದಾರೆ. ಮೈಯೆಲ್ಲ ಮಣ್ಣು.

"ಅವ್ವಿ!" ಎಂದು ಸಣ್ಣಿ ಅಳುವ ದನಿಯಲ್ಲಿ ಕೂಗಿದಳು. "ನಾ ಆ ಮನೆಲಿ ಮುಖ ಎತ್ತೂದು ಹೆಂಗೆ? ನಿಮಗೆ ಎಂತ ಆತು?"

"ಎಂತ ಆಗೂದು? ನೋಡು, ನಿಲ್ಲು, ಇಲ್ಲಿ ಹಿಡಿ" ಎಂದು ಗಂಗಿ ಮಗಳ ಕೈಗೆ ಹಿಡಿ ಕೊಟ್ಟಳು. "ನೀ ನನ್ನಕಿಂತ ಉದ್ದ. ತಡಿ, ಒಂದು ತೂತು ಮೇಲೆ ಮಾಡ್ತೆ."

"ನಂಗೆ ಬ್ಯಾಡ!"

"ಒಂದು ಸಾಲು. ಒಂದೇ ಸಾಲು ನೋಡೇ."

ಸಣ್ಣಿ ಮೂಗು ಸೀಟುತ್ತ ಒಂದು ಸಾಲು ದೂಡಿದಳು. ತುದಿಗೆ ಬಂದು ಹಿಂದೆ ನೋಡಿ ಮುಖ ಒರೆಸಿಕೊಂಡಳು. "ಇನ್ನೊಂದು" ಎಂದಳು. ಮಧ್ಯಾಹ್ನದ ಹೊತ್ತಿಗೆ ಅವ್ವನ ಕೈಗೆ ಹಿಡಿ ಕೊಡಲು ಒಪ್ಪದೆ ಜಗಳವಾಡಿದಳು. ಸಂಜೆ ಹಿರೇಗುತ್ತಿಗೆ ಮರಳುವಾಗ, ಗಂಡನನ್ನು ಎಳೆಯಲು ಒಪ್ಪಿಸುವುದು ಹೇಗೆ ಎಂದೇ ಅವಳ ಯೋಚನೆಯೆಲ್ಲ.

ಸುದ್ದಿ ಕುಮಟೆಗೂ ಮುಟ್ಟಿತು. ಅಲ್ಲಿ ಒಕ್ಕಲುತನ ಖಾತೆಯಲ್ಲಿ ತ್ರ್ಯಂಬಕ ರಾಯರೆಂದು ಒಬ್ಬರಿದ್ದರು. ಧಾರವಾಡದ ಕಡೆಯವರು, ಹೆಚ್ಚು ಆಹಾರ ಬೆಳೆಸಿರೆಂದು ಊರೂರಿಗೆ ಸೈಕಲ್ಲಿನ ಮೇಲೆ ಹೋಗಿ ಹೇಳುವುದು ಅವರ ನೌಕರಿ. ಹೇಳಿ ಹೇಳಿ ಗಂಟಲು ಒಣಗಿತ್ತು, ಕೇಳುವವರು ಮಾತ್ರ ಹುಟ್ಟಿರಲಿಲ್ಲ. ಅವರು ಬಾಡಕ್ಕೆ ಬಂದು ಸೈಕಲ್ಲನ್ನು ಬೇಲಿಗೆ ಒರಗಿಸಿ, ಗಾಲಿಯನ್ನು ಕಂಡೊಡನೆ ಕಳೆದ ಆಕಳು ಸಿಕ್ಕವರಂತೆ ಅದರ ಮೈ ಸವರಿದರು.

"ನಮ್ಮ ಕಡೆ ಕಳೆ ತೆಗಿಯಾಕ ಎತ್ತು ಎಳಿಯೋ ಎಡೆಕುಂಟಿ ಅದ. ಇದು ಗಾಲಿಕುಂಟಿ! ಕಾಲೇಜಿನ ಹೊಲದಾಗ ನಾನು ಇದನ್ನ ನಡಿಸೀನಿ" ಎಂದರು. ನಡೆಸಿಯೂ ತೋರಿಸಿದರು, ಸೊಗಸಾಗಿ. ಸೈಕಲ್ಲಿನ ಎಣ್ಣೆ ತಂದು ಅಚ್ಚಿಗೆ ಬಿಟ್ಟರು. ಮಳೆ ಬಂದ ಕೂಡಲೆ ದೂಡಬಾರದು, ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉದುರುವಷ್ಟು ಆರಿರಬೇಕು ಎಂದು ಹೇಳಿದರು. ಪಂಚೆಯ ಗಂಟಿನಲ್ಲಿ ಇನ್ನೂ ಉಳಿದಿದ್ದ ಮೂರು ಕಬ್ಬಿಣದ ಹಲ್ಲುಗಳು ಯಾತಕ್ಕೆ ಎಂದು ಬೀರಪ್ಪನಿಗೆ ತಿಳಿದಿರಲಿಲ್ಲ. ಗಟ್ಟಿಯಾದ ನೆಲವನ್ನು ಕೆದಕಿ ಸಡಿಲಿಸಲು ಎಂದು ತೋರಿಸಿಕೊಟ್ಟರು. ಗಂಗಿ ಪ್ರತಿಯೊಂದನ್ನೂ ತಾನೇ ಬಿಚ್ಚಿ ಹಾಕಿ ಕಲಿತಳು. ಬರುವ ಆದಿತ್ಯವಾರ ಸುತ್ತಲಿನ ಬೆಳೆಗಾರರನ್ನೆಲ್ಲ ಇಲ್ಲಿಗೆ ಕರೆಯುತ್ತೇನೆ, ನೀವಿಬ್ಬರೂ ಅವರ ಮುಂದೆ ನಡೆಸಬೇಕು ಎಂದು ರಾಯರು ಕೈ ಹಿಡಿದು ಕೇಳಿದರು.

ಆದಿತ್ಯವಾರ ಗದ್ದೆಯ ಬದುವಿನ ಮೇಲೆ ಜನವೋ ಜನ. ಬೆಳೆಗಾರರಿಗಿಂತ ಎತ್ತಿನಂತೆ ಕೂಗುವ ಗಂಡನನ್ನು ನೋಡಲು ಬಂದವರೇ ಹೆಚ್ಚು. ಸಣ್ಣಿ ಗಂಡನನ್ನು ಕರೆದುಕೊಂಡು ಬಂದಿದ್ದಳು. ಅವನು ಹಗ್ಗವನ್ನು ಕಂಡು ಹಿಂದೆ ಹಿಂದೆ ಸರಿಯುತ್ತಿದ್ದ. ರಾಯರು ಕೋಟು ಹಾಕಿಕೊಂಡು ಆಹಾರದ ಅಭಾವದ ಬಗ್ಗೆ ದೊಡ್ಡ ಭಾಷಣ ಮಾಡಿದರು. ಜನ ಕೆಮ್ಮಿದರು. ಕೊನೆಗೆ "ಗಂಗಮ್ಮಾರ, ನಡಸ್ರೀ" ಎಂದಾಗ ಸಂತೋಷದ ಕೂಗೆದ್ದಿತು.

ಬೀರಪ್ಪ ಒಗೆದ ಪಂಚೆ ಉಟ್ಟು, ಹಗ್ಗವನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಸಿಕೊಂಡಿದ್ದ. ಬಲೆ ಎಳೆಯಲು ದಂಡೆಗೆ ಹೋಗುವ ಮೊದಲು ಕಟ್ಟಿಕೊಟ್ಟವನು ದಾಸ. ಅದು ದೋಣಿ ಕಟ್ಟುವ ಗಂಟು, ಎಳೆದಷ್ಟೂ ಬಿಗಿಯುವುದು. ಗಂಗಿ ಹೊಸ ಸೀರೆಯನ್ನು ಮೇಲಕ್ಕೆ ಕಟ್ಟಿ ಹಿಡಿ ಹಿಡಿದಳು. ಸಾಲು ಶುರುವಾಯಿತು. ಗಾಲಿ ಎಣ್ಣೆ ಕುಡಿದು ಸದ್ದಿಲ್ಲದೆ ಉರುಳಿತು. ರಾಯರು ಪಕ್ಕದಲ್ಲಿ ನಡೆಯುತ್ತ, "ನೋಡ್ರಿ, ಕತ್ತಿ ಬೆನ್ನು ಗಿಡದ ಕಡೆ! ಆಳ ಎರಡು ಬೆರಳು!" ಎಂದು ವಿವರಿಸುತ್ತಿದ್ದರು. ಜನ ಮೊದಲ ಬಾರಿಗೆ ಸುಮ್ಮನಾಗಿ, ಮಗುಚಿ ಬೀಳುವ ಕಳೆಯನ್ನೇ ನೋಡತೊಡಗಿದರು.

ನಡು ಸಾಲಿಗೆ ಬಂದಿದ್ದರು. ಆಗಲೇ ಕಡಲ ದಂಡೆಯ ಕಡೆಯಿಂದ ಕೂಗು ಬಂತು.

"ಬಂಗಡೇ! ಓ... ಬಂಗಡೇ! ರಂಪಣಿ ತುಂಬಿತೋ!"

ಕರಾವಳಿಯಲ್ಲಿ ಹುಟ್ಟಿದವನಿಗೆ ಈ ಕೂಗು ಕಿವಿಗೆ ಬಿದ್ದ ಮೇಲೆ ಕಾಲು ತಲೆಯ ಮಾತು ಕೇಳುವುದಿಲ್ಲ. ರಂಪಣಿ ಎಂದರೆ ದಂಡೆಯಿಂದ ದಂಡೆಗೆ ಸುತ್ತಿ ಎಳೆಯುವ ದೈತ್ಯ ಬಲೆ. ಅದು ಬಂಗಡೆ ಮೀನಿನಿಂದ ತುಂಬಿದರೆ ಮೀನುಗಾರರ ಕೈ ಸಾಲದು, ಊರೆಲ್ಲ ಬಂದು ಹಗ್ಗಕ್ಕೆ ಕೈ ಹಾಕಬೇಕು, ಕೈ ಹಾಕಿದವರಿಗೆಲ್ಲ ಪಾಲು. ಬದುವಿನ ಮೇಲಿದ್ದ ಜನ ಒಂದೇ ಸಲಕ್ಕೆ ತಿರುಗಿ ಓಡಿದರು. ಬೀರಪ್ಪನೂ ಓಡಿದ. ತಾನು ಕಟ್ಟಿಸಿಕೊಂಡಿದ್ದೇನೆಂಬುದು ಅವನಿಗೆ ನೆನಪಿರಲಿಲ್ಲ.

"ಹೋಯ್! ಹಗ್ಗ! ಹಗ್ಗ!" ಎಂದು ಗಂಗಿ ಕೂಗಿದಳು. ಕೈ ಬಿಟ್ಟರೆ ಗಾಲಿ ಮಗುಚಿ ಕತ್ತಿ ಮುರಿಯುತ್ತದೆ. ಆದ್ದರಿಂದ ಬಿಡಲಿಲ್ಲ. ಹಿಡಿಯನ್ನು ಎತ್ತಿ ಕತ್ತಿಗಳನ್ನು ನೆಲದಿಂದ ಬಿಡಿಸಿ, ಗಾಲಿಯ ಹಿಂದೆ ಅವಳೂ ಓಡಿದಳು. ಸಾಲು ಮುಗಿಯಿತು. ಬದು ಬಂತು, ಗಾಲಿ ಬದುವನ್ನು ಹಾರಿತು, ಗಂಗಿಯೂ ಹಾರಿದಳು. ಮುಂದೆ ಉಸುಕಿನ ದಿಬ್ಬ, ಅದರಾಚೆ ಕಡಿದಾದ ಇಳಿಜಾರು. ಇಳಿಜಾರಿನಲ್ಲಿ ಬೀರಪ್ಪ ಗಾಲಿಯನ್ನು ಎಳೆಯುವುದು ನಿಂತು ಗಾಲಿಯೇ ಅವನನ್ನು ಅಟ್ಟತೊಡಗಿತು. ಹಿಂದೆ ಕೋಟು ಹಾರಿಸುತ್ತ ತ್ರ್ಯಂಬಕ ರಾಯರು, "ಹೊಲ ಮುಗೀತ್ರೀ! ಬೀರಪ್ಪ, ಹೊಲ ಮುಗೀತು!" ಎಂದು ಕೂಗುತ್ತ ಬರುತ್ತಿದ್ದರು.

ಗಂಗಿಗೆ ಮೊದಲು ಭಯವಾಯಿತು, ಆಮೇಲೆ ಅದು ಎಲ್ಲಿಗೋ ಹೋಯಿತು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೊಣಕಾಲು ಇದೆಯೆಂಬುದೇ ಅವಳಿಗೆ ಮರೆತಿತ್ತು. ಅವಳು ಹದಿನಾರರ ಹುಡುಗಿಯ ಹಾಗೆ ಕಿರುಚುತ್ತ, ನಗುತ್ತ, ಒದ್ದೆ ಮರಳಿನ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತ ಸೀದಾ ನೊರೆಗೆ ನುಗ್ಗಿದಳು. ತೆರೆಯೊಂದು ಬಂದು ಗಂಡ, ಹೆಂಡತಿ, ಗಾಲಿ ಮೂವರನ್ನೂ ಒಟ್ಟಿಗೆ ಮಲಗಿಸಿತು.

ಬಲೆಯ ಹಗ್ಗ ಹಿಡಿದಿದ್ದ ದಾಸ ಇದನ್ನು ನೋಡಿ ನಗು ತಡೆಯಲಾರದೆ ಹಗ್ಗ ಸಡಿಲಿಸಿದ. ತಿಮ್ಮಕ್ಕ ಅವನ ಬೆನ್ನಿಗೆ ಗುದ್ದಿದಳು: "ಆಮೇಲೆ ನಗೋ, ಬಂಗಡೆ ಹೋತದೆ!" ನೀರಿನಿಂದ ಎದ್ದ ಬೀರಪ್ಪ ಸೊಂಟದ ಗಾಲಿಯೊಡನೆಯೇ ಬಲೆಯ ಹಗ್ಗಕ್ಕೆ ಕೈ ಹಾಕಿದ. ಗಂಗಿ ಅವನ ಪಕ್ಕ. ಸಣ್ಣಿ, ಅವಳ ಗಂಡ, ಬೆಳೆಗಾರರು, ರಾಯರು ಎಲ್ಲರೂ ಸಾಲಾಗಿ. "ಓ ಹೈಸಾ!" ಎಂದು ಎಳೆದರು. ಬಲೆ ಬಂತು, ಬೆಳ್ಳಿ ಸುರಿದಂತೆ ಬಂಗಡೆ ಬಂತು, ಮರಳ ಮೇಲೆ ಪಟಪಟ ಕುಣಿಯಿತು. ಎಲ್ಲರೊಂದಿಗೆ ರಾಯರಿಗೂ ಪಾಲು ಬಂತು. ಅವರು ಮೀನು ತಿನ್ನುವವರಲ್ಲ. ಬಾಲ ಹಿಡಿದು ಕೈ ದೂರ ಚಾಚಿ, ಬೇಡ ಎನ್ನಲೂ ಆಗದೆ ಇಟ್ಟುಕೊಳ್ಳಲೂ ಆಗದೆ ನಿಂತಿದ್ದಾಗ, ಅವರಿಗೆ ಥಟ್ಟನೆ ಗಾಲಿಯ ನೆನಪಾಯಿತು.

"ಅಯ್ಯಯ್ಯ! ಉಪ್ಪುನೀರು! ತುಕ್ಕು ಹಿಡಿತದ! ಸಿಹಿನೀರು ತರ್ರಿ!"

ದಾಸ ಚೂರಿಯಿಂದ ಗಂಟು ಕೊಯ್ದ. ನಾಲ್ಕಾರು ಜನ ಗಾಲಿಯನ್ನು ಹೆಗಲ ಮೇಲೆ ಹೊತ್ತು ಬಾವಿಗೆ ಓಡಿದರು. ಕೊಡ ಕೊಡ ನೀರು ಸುರಿದರು. ಒಬ್ಬ ಕತ್ತಿ ಒರೆಸಿದ, ಒಬ್ಬ ಅಚ್ಚಿಗೆ ಎಣ್ಣೆ ಹಚ್ಚಿದ. ಹಾಗೆ ಒರೆಸುವಾಗಲೇ, ಇದು ಯಾತಕ್ಕೆ, ಅದು ಹೇಗೆ ತಿರುಗುತ್ತದೆ ಎಂದು ಒಬ್ಬೊಬ್ಬರೂ ಕೇಳತೊಡಗಿದರು. ಗಂಗಿ ಒದ್ದೆ ಸೀರೆಯಲ್ಲೇ ಪಾನಾ ಹಿಡಿದುಕೊಂಡು ಎಲ್ಲರಿಗೂ ಬಿಚ್ಚಿ ತೋರಿಸಿದಳು. ಭಾಷಣದಲ್ಲಿ ಒಬ್ಬರಿಗೂ ಹಿಡಿಸದ ವಿಷಯ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹಿಡಿಸಿತು. ರಾಯರು ಮೀನನ್ನು ತಿಮ್ಮಕ್ಕನ ಬುಟ್ಟಿಗೆ ಹಾಕಿ, ಕೋಟು ಹಿಂಡುತ್ತ, ಇಂಥ ಪ್ರಾತ್ಯಕ್ಷಿಕೆ ಇಡೀ ಮುಂಬಯಿ ಇಲಾಖೆಯಲ್ಲೇ ನಡೆದಿಲ್ಲ ಎಂದರು.

ಆ ವರ್ಷ ಗಾಲಿ ಊರೆಲ್ಲ ತಿರುಗಿತು. ಕೇಳಲು ಬಂದವರಿಗೆ ಗಂಗಿಯದು ಒಂದೇ ಕರಾರು: ಗಂಡ ಹೆಂಡತಿ ಇಬ್ಬರೂ ಬರಬೇಕು, ಹಿಡಿಯ ಎತ್ತರವನ್ನು ದೂಡುವವರ ಸೊಂಟಕ್ಕೆ ಅವಳೇ ಸರಿಮಾಡಿ ಕೊಡುವಳು. ಹೀಗಾಗಿ ಬಾಡದ ಉಸುಕು ಗದ್ದೆಗಳಲ್ಲಿ ಆ ಚಳಿಗಾಲ ಹಲವು ಗಂಡಂದಿರು ಹಗ್ಗ ಕಟ್ಟಿಕೊಂಡರು. ಸಣ್ಣಿಯ ಗಂಡ ಮಾತ್ರ ತಾನು ದೂಡುತ್ತೇನೆಂದು ಹಟ ಹಿಡಿದ. ಸಣ್ಣಿ ಮುಂದೆ ನಿಂತು ಅವನನ್ನೂ ಗಾಲಿಯನ್ನೂ ಎಳೆದಾಡಿದಳು.

ಸುಗ್ಗಿಗೆ ನೀರುಳ್ಳಿ ಚೆನ್ನಾಗಿ ಬಂತು. ಬುಡ ಕತ್ತರಿಸಿ ಹೋದ ಎರಡು ಸಾಲು ಬಿಟ್ಟರೆ ಉಳಿದದ್ದೆಲ್ಲ ಕೆಂಪಗೆ, ಕೈ ತುಂಬ. ಬೀರಪ್ಪ, ಗಂಗಿ ಜಗಲಿಯ ಮೇಲೆ ಎದುರುಬದುರು ಕೂತು, ಸೊಪ್ಪಿನ ಸಮೇತ ಅವನ್ನು ಜಡೆ ಹೆಣೆಯುತ್ತಿದ್ದರು. ಮುಂದಿನ ಸಲ ಸಾಲಿನ ಅಗಲ ಹೆಚ್ಚಿಸಬೇಕೋ ಬೇಡವೋ, ಮೆಣಸಿನ ಗಿಡಕ್ಕೆ ಹಲ್ಲು ಹಾಕಬೇಕೋ ಕತ್ತಿ ಹಾಕಬೇಕೋ, ಧಾರೇಶ್ವರದ ಅಜ್ಜ ಬಾಗಿಲು ತೆಗೆದನೋ ಇಲ್ಲವೋ, ಬೆಳಗಿನಿಂದ ಮಾತು ನಿಂತಿರಲಿಲ್ಲ.

ತಿಮ್ಮಕ್ಕ ಮೀನೆಲ್ಲ ಮಾರಿ ಖಾಲಿ ಬುಟ್ಟಿ ಹೊತ್ತು ಬಂದವಳು ಅಂಗಳದಲ್ಲಿ ನಿಂತು ಕೇಳಿದಳು: "ಅಷ್ಟೊತ್ತಿಂದ ಎಂತ ಮಾತಾಡ್ತ್ರಿ ನೀವಿಬ್ರೂ? ಮೂಲೆ ಮನೆ ತನ್ಕ ಕೇಳ್ತದೆ."

"ಎಂತ ಇಲ್ಲ ಮಾರಾಯ್ತಿ, ಇವ್ರು ಆ ದಿನ..." ಎಂದು ಶುರು ಮಾಡಿದ ಗಂಗಿಗೆ ಮುಂದಿನದು ಬರಲಿಲ್ಲ. ಕೈಯಲ್ಲಿದ್ದ ಜಡೆ ಬಿಚ್ಚಿ ನೀರುಳ್ಳಿಗಳು ಜಗಲಿಯಿಂದ ಅಂಗಳಕ್ಕೆ ಉರುಳಿದವು. ಬೀರಪ್ಪ ಅವನ್ನು ಹಿಡಿಯಲು ಹೋಗಿ, ಅಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡ. ತಿಮ್ಮಕ್ಕ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು. ಬುಟ್ಟಿ ಕೆಳಗಿಟ್ಟು, ಯಾತಕ್ಕೆಂದು ತಿಳಿಯದೆ ಅವಳೂ ಜಗಲಿಯ ಅಂಚಿಗೆ ಕೂತು ನಗತೊಡಗಿದಳು.